ಹಸಿರಿನ ಮೇಲೆ ಬಳಿದ ಕೆಂಪು

ಹೆಬ್ಬೆರಳಿನ ಉಗುರು ತಾಗಿಸಿದ್ದೇ ತಡ, ಕೆಂಪು ಬಣ್ಣ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದು ಬಂತು.

ಅವಳು ಇನ್ನೊಂದು ಸಲ ಕೆರೆದಳು. ಈ ಸಲ ಅಂಗೈ ಅಗಲದ ಚಕ್ಕೆ. ಅದರ ಅಡಿಯಲ್ಲಿ ಹಸಿರು.

"ನೋಡಿದ್ಯಾ?" ಎಂದಳು. "ಒಂದು ಪೀಪಾಯಿಗೆ ನೆಟ್ಟಗೆ ಬಣ್ಣ ಬಳಿಯೋಕೆ ಬರಲ್ಲ. ಇವರು ಸೇತುವೆ ಕಟ್ತಾರಂತೆ."

ದೋಣಿಯ ಅಂಚಿಗೆ ಎದೆಯೂರಿ, ನೀರಿನಲ್ಲಿ ಕುಲುಕುತ್ತಿದ್ದ ಕಬ್ಬಿಣದ ಪೀಪಾಯಿಯನ್ನು ತಬ್ಬಿ ಹಿಡಿದಿದ್ದ ಮೈದುನ ಮುಖ ಸಿಂಡರಿಸಿದ. ಮುಳುಗು ಹಾಕುವುದು ಅವನ ಕಸುಬು. ನದಿಯ ತಳಕ್ಕೆ ಲಂಗರು ಬೀಳಲಿ, ಎಂಜಿನ್ನು ಬೀಳಲಿ, ಹೆಣವೇ ಬೀಳಲಿ, ಮೇಲೆ ತರುವವನು ಅವನೇ. ಅಣ್ಣ ತೀರಿಕೊಂಡು ಆರು ವರ್ಷವಾದರೂ ಅತ್ತಿಗೆ ಕರೆದರೆ ಇಲ್ಲ ಅಂದವನಲ್ಲ.

"ಬಿಸಿಲಿಗೆ ಎದ್ದಿರಬಹುದು ಅತ್ತಿಗೆ."

"ಬಿಸಿಲು ಬೀಳೋದು ನೆತ್ತಿ ಮೇಲೆ. ಅಲ್ಲಿ ಕೆರೆದು ನೋಡು."

ಅವನು ಕೆರೆದ. ಪೀಪಾಯಿಯ ನೆತ್ತಿಯ ಮೇಲಿನ ಕೆಂಪು ಜಪ್ಪಯ್ಯ ಅಂದರೂ ಏಳಲಿಲ್ಲ. ನೀರಿನ ಗೆರೆಯಿಂದ ಒಂದು ಗೇಣು ಮೇಲಿನವರೆಗೆ ಮಾತ್ರ ಅದು ಸಿಪ್ಪೆ ಸಿಪ್ಪೆಯಾಗಿ ಬರುತ್ತಿತ್ತು.

ಅವಳು ಚಕ್ಕೆಯನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಅವನ ಮೂಗಿನ ಹತ್ತಿರ.

"ಡೀಸೆಲ್," ಎಂದ, ಒಲ್ಲದ ಮನಸ್ಸಿನಿಂದ.

"ಎಲ್ಲಿಂದ ಬಂತು?"

"ಲಾಂಚಿಂದ."

ಬುಧವಾರ ಬೆಳಿಗ್ಗೆ ಏಳು ನಲವತ್ತಕ್ಕೆ, ಇದೇ ಏಳು ಮತ್ತು ಎಂಟನೇ ಕಂಬಗಳ ನಡುವಿನ ಕಂಡಿಯಲ್ಲಿ, ಕ್ರೇನ್ ಹೊತ್ತ ಚಪ್ಪಟೆ ದೋಣಿಯ, ಅಂದರೆ ಬಾರ್ಜಿನ, ಉಕ್ಕಿನ ಹಗ್ಗಕ್ಕೆ ಸಿಕ್ಕಿ ಲಾಂಚು ಮಗುಚಿತ್ತು. ಒಳಗಿದ್ದ ಹನ್ನೊಂದು ನರ್ಸುಗಳು ಬದುಕಿದ್ದರು, ಡ್ರೈವರ್ ಸತ್ತಿದ್ದ.

ಈ ನದಿಯ ಮೇಲೆ ನಿಯಮ ಒಂದೇ, ಅದು ಎಳೆಗೂಸಿಗೂ ಗೊತ್ತು. ಕಂಡಿಯ ಮುಂದೆ ಹಸಿರು ಪೀಪಾಯಿ ತೇಲುತ್ತಿದ್ದರೆ ಹೋಗು. ಕೆಂಪು ತೇಲುತ್ತಿದ್ದರೆ ಹೋಗಬೇಡ. ಮಂಗಳವಾರ ಸಂಜೆಯೇ ಕೆಂಪು ಹಾಕಿದ್ದೆವು, ಡ್ರೈವರ್ ಕಣ್ಣುಮುಚ್ಚಿ ನುಗ್ಗಿದ ಎಂಬುದು ಸೇತುವೆ ಕಟ್ಟುವವರ ಹೇಳಿಕೆ.

"ಲಾಂಚು ಮಗುಚಿತು," ಎಂದಳು. "ಟ್ಯಾಂಕ್ ಒಡೆದು ಡೀಸೆಲ್ ಹರೀತು. ಈ ಪೀಪಾಯಿಗೆ ಮೆತ್ತಿಕೊಳ್ತು. ಜಿಡ್ಡಿನ ಮೇಲೆ ಬಣ್ಣ ಕೂರುತ್ತಾ?"

"ಇಲ್ಲ."

"ಹಾಗಾದ್ರೆ ಮೊದಲು ಬಂದದ್ದು ಯಾವುದು? ಡೀಸೆಲ್ಲೋ, ಕೆಂಪೋ?"

ಮೈದುನ ಪೀಪಾಯಿಯ ಕಡೆಗೇ ನೋಡುತ್ತಿದ್ದ. "ಡೀಸೆಲ್ಲು."

ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದವರ ಕತೆ ಅವಳು ಕೇಳಿದ್ದಳು. ಹಾಕಿದ ಬಾಗಿಲಿನ ಮೇಲೆ ಹಿಂದಿನ ದಿನದ ತಾರೀಖು ಬರೆದವರನ್ನು ನೋಡಿದ್ದು ಇದೇ ಮೊದಲು.

ಅವಳು ಜಲಮಾರ್ಗ ಕಚೇರಿಯ ಅಪಘಾತ ತನಿಖಾಧಿಕಾರಿ. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಾರೆ. ಬೆನ್ನ ಹಿಂದೆ ಸಾಣೆಕಲ್ಲು ಅನ್ನುತ್ತಾರೆ. ಅದು ಅವಳಿಗೂ ಗೊತ್ತು, ಬೇಜಾರೇನಿಲ್ಲ. ಮೊಂಡು ಕತ್ತಿಗಳ ಮಧ್ಯೆ ಸಾಣೆಕಲ್ಲಿಗೆ ಕೆಲಸ ಜಾಸ್ತಿ ಎಂಬುದಷ್ಟೇ ಅವಳ ದೂರು.

ಚಕ್ಕೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕೈಚೀಲದೊಳಗೆ ಇಟ್ಟುಕೊಂಡಳು.

"ಪೀಪಾಯಿನೇ ಬಿಚ್ಚಿ ಎಳ್ಕೊಂಡು ಹೋಗೋಣ್ವಾ?" ಎಂದ ಮೈದುನ.

"ದಾರಿ ಗುರುತು ಕಿತ್ತರೆ ನಾನೂ ಇವರ ಸಾಲಿಗೆ ಸೇರ್ತೀನಿ. ಇರಲಿ ಬಿಡು. ನಿಧಾನ ನಡೆಸು. ಬಾರ್ಜಿನ ಹತ್ತಿರ ಹೋಗಬೇಡ."

ಹೇಳಬೇಕಾಗಿರಲಿಲ್ಲ. ಬಾರ್ಜಿನ ನಾಲ್ಕು ಮೂಲೆಯಿಂದ ನಾಲ್ಕು ಹಗ್ಗ ಇಳಿದಿರುತ್ತವೆ; ಕಣ್ಣಿಗೆ ಕಾಣುವುದು ಹತ್ತಡಿ, ಕಾಣದೆ ನೀರೊಳಗೆ ಚಾಚಿಕೊಂಡಿರುವುದು ಇನ್ನೂರಡಿ. ಗೊತ್ತಿದ್ದವನು ದೂರ ಬಳಸಿಕೊಂಡು ಹೋಗುತ್ತಾನೆ.

ಗೊತ್ತಿಲ್ಲದವರೂ ಇದ್ದರು. ನಾಲ್ವರನ್ನು ಹೊತ್ತ ಮೋಟಾರು ದೋಣಿಯೊಂದು ಅಲೆಯೆಬ್ಬಿಸಿಕೊಂಡು ಬಂದು ನೇರ ಕ್ರೇನಿನ ಕೆಳಗೇ ನಿಂತಿತು. ಕಪ್ಪು ಕನ್ನಡಕದವನೊಬ್ಬ ಎದ್ದು ನಿಂತು, ಮೇಲೆ ತೂಗುತ್ತಿದ್ದ ನಲವತ್ತು ಟನ್ನಿನ ಸೇತುವೆ ತೊಲೆಯನ್ನು, ಆ ಗರ್ಡರನ್ನು, ಬೆನ್ನಿಗಿಟ್ಟುಕೊಂಡು ತನ್ನ ಫೋಟೋ ತಾನೇ ತೆಗೆದುಕೊಂಡ. ಯಾರ ಮೈಮೇಲೂ ಲೈಫ್ ಜಾಕೆಟ್ ಇಲ್ಲ. ಇದ್ದೊಂದು ಜಾಕೆಟ್ಟಿನ ಮೇಲೆ ಒಬ್ಬಳು ಕುಳಿತಿದ್ದಳು, ಮೆತ್ತಗಿರಲಿ ಎಂದು.

"ಅದು ಕೂರೋಕಲ್ಲ, ತೊಡೋಕೆ!" ಎಂದು ಸಾಣೆಕಲ್ಲು ಕೂಗಿದಳು.

ಕನ್ನಡಕದವನು ನಗುತ್ತಾ ಕೈ ಬೀಸಿದ.

"ದೇವರು ಇಂಥವರಿಗೇ ಆಯುಸ್ಸು ಜಾಸ್ತಿ ಕೊಡ್ತಾನೆ," ಎಂದಳು. "ಗಡಿಯಾರದಣ್ಣನಿಗೆ ಕೊಡಲ್ಲ."

ಸತ್ತ ಡ್ರೈವರನ್ನು ನದಿಯ ಎರಡೂ ದಡದವರು ಗಡಿಯಾರದಣ್ಣ ಎಂದೇ ಕರೆಯುತ್ತಿದ್ದುದು. ಅವನ ಲಾಂಚು ಹೊರಟಿತೆಂದರೆ ಜನ ತಮ್ಮ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಒಂದು ಕಂಬಕ್ಕೆ ಲಾಂಚಿನ ಬಣ್ಣ ತಾಗಿಸಿದವನಲ್ಲ. ಒಬ್ಬರೇ ಒಬ್ಬರು ಜಾಕೆಟ್ಟಿನ ಪಟ್ಟಿ ಬಿಗಿಯದಿದ್ದರೂ ಎಂಜಿನ್ ಶುರು ಮಾಡುತ್ತಿರಲಿಲ್ಲ. ಹನ್ನೊಂದು ನರ್ಸುಗಳು ಇವತ್ತು ಡ್ಯೂಟಿಗೆ ಹೋಗುತ್ತಿದ್ದರೆ ಅದು ಅವನ ಆ ಹಟದಿಂದ.

ಬಾರ್ಜಿನ ಅಂಚಿನಲ್ಲಿ ಕ್ರೇನ್ ಮೇಸ್ತ್ರಿ ಕಾಲು ಇಳಿಬಿಟ್ಟು ಕುಳಿತಿದ್ದ. ಮೂರು ದಿನದಿಂದ ಅವನು ಇವಳ ಕಣ್ಣು ತಪ್ಪಿಸುತ್ತಿದ್ದ. ನದಿಯ ಮಧ್ಯೆ ಓಡುವುದಾದರೂ ಎಲ್ಲಿಗೆ?

"ಬುಧವಾರ ಬೆಳಿಗ್ಗೆ ರೋಪು ಕಟ್ಟಿದ್ದು ಯಾರು?" ದೂರದಿಂದಲೇ ಕೇಳಿದಳು.

"ನಾನೇ ಮೇಡಂ. ಕಟ್ಟು ಅಂದ್ರು, ಕಟ್ಟಿದೆ."

"ಬಾವಿಗೆ ಬೀಳು ಅಂದ್ರೆ?"

ಮೇಸ್ತ್ರಿ ಕಾಲು ಮೇಲೆಳೆದುಕೊಂಡ.

"ಕಂಡಿ ಮುಚ್ಚಿದೆಯಾ ಅಂತ ನೋಡಲಿಲ್ವಾ?"

"ಅದು ನನ್ನ ಕೆಲಸ ಅಲ್ಲ. ಆದ್ರೆ ಹಾರನ್ ಹೊಡೆದೆ ಮೇಡಂ, ಸತ್ಯವಾಗ್ಲೂ ಹೊಡೆದೆ."

"ಎಷ್ಟು?"

"ಒಂದು. ಉದ್ದಕ್ಕೆ."

"ಅದರ ಅರ್ಥ?"

"ಕೆಲಸ ನಡೀತಿದೆ, ನಿಧಾನ ಬನ್ನಿ ಅಂತ."

"ದಾರಿ ಇಲ್ಲ, ಅಪಾಯ ಅನ್ನೋಕೆ?"

"ಐದು ಚಿಕ್ಕದು." ದನಿ ಇಳಿಯಿತು. "ಅವರು ಬರ್ತಿದ್ದದ್ದು ಹಸಿರಿನ ದಾರೀಲೇ ಅಲ್ವಾ ಮೇಡಂ, ಐದು ಯಾಕೆ ಹೊಡೀಲಿ ಅಂತ..."

ಹೇಳಿದ ಮೇಲೆ ಅವನಿಗೇ ಹೊಳೆಯಿತು, ಬಾಯಿಂದ ಏನು ಬಿತ್ತೆಂದು. ಅಂಗೈಯಿಂದ ಬಾಯಿ ಮುಚ್ಚಿಕೊಂಡ.

"ಹಸಿರು," ಎಂದಳು ಅವಳು. "ಥ್ಯಾಂಕ್ಸ್. ಗಡಿಯಾರದಣ್ಣ ಏನು ಮಾಡಿದ್ರು? ನಿನ್ನ ಹಾರನ್ ಕೇಳಿ?"

"ವಾಪಸ್ ಒಂದು ಹೊಡೆದ್ರು. ಯಾವಾಗ್ಲೂ ಹೊಡೀತಾರಲ್ಲ, ಕೇಳಿಸ್ತು ಅಂತ. ಸ್ಪೀಡೂ ಇಳಿಸಿದ್ರು. ಅಷ್ಟರಲ್ಲಿ ಇಲ್ಲಿ ಗರ್ಡರ್ ಎತ್ತೋಕೆ ಶುರು ಮಾಡಿದ್ರು..."

ಮೈದುನ ದೋಣಿಯನ್ನು ದಡದ ಕಡೆಗೆ ತಿರುಗಿಸಿದ.

---

ಲಾಂಚು ಕಟ್ಟೆಯ ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಗಡಿಯಾರದಣ್ಣನ ಹೆಂಡತಿ ಕುಳಿತಿದ್ದಳು. ಡ್ರೈವರುಗಳ ಕೋಣೆಯ ಕಪಾಟಿನಲ್ಲಿದ್ದ ಗಂಡನ ಸಾಮಾನು ಬಿಡಿಸಿಕೊಂಡು ಹೋಗಲು ಬಂದವಳು. ಮಡಿಲಲ್ಲಿ ಒಂದು ಅಂಗಿ, ಒಂದು ಟವೆಲು, ಕನ್ನಡಕದ ಡಬ್ಬಿ.

"ಅವರಿಗೆ ಕಿವಿ ಮಂದ ಆಗಿತ್ತು ಅಂತ ಪೇಪರಿನವರಿಗೆ ಹೇಳಿದಾರಂತೆ," ಎಂದಳು. "ಮಂದ! ನಾನು ಅಡುಗೆಮನೇಲಿ ಮನಸ್ಸಿನಲ್ಲೇ ಗೊಣಗಿದ್ರೂ ಹೊರಗಿನಿಂದ 'ಕೇಳಿಸ್ತು' ಅನ್ನೋರು."

"ನನಗೆ ಗೊತ್ತು."

"ಸಂಜೆ ಐದಕ್ಕೆ ನಿಮ್ಮ ವರದಿ ಹೋಗುತ್ತಂತೆ. ಏನಂತ ಬರೀತೀರಾ ಅಕ್ಕಾ?"

"ಏನು ನಡೀತೋ ಅದನ್ನೇ."

"ಮೂರು ದಿನದಿಂದ ಎಲ್ಲರೂ ಹಾಗೇ ಅಂದ್ರು." ಅವಳ ದನಿಯಲ್ಲಿ ಕೋಪವೂ ಉಳಿದಿರಲಿಲ್ಲ. "ನನ್ನ ಮಗಳು ಇದೇ ಲಾಂಚಲ್ಲಿ ಕೆಲಸಕ್ಕೆ ಹೋಗಬೇಕು. ಜನ ಅವಳನ್ನ ನೋಡಿ ಏನನ್ಬೇಕು? ಹನ್ನೊಂದು ಜನರನ್ನ ಮುಳುಗಿಸಿದೋನ ಮಗಳು ಅಂತಲಾ?"

ಸಾಣೆಕಲ್ಲು ಕೈಗಡಿಯಾರ ನೋಡಿಕೊಂಡಳು. ಹನ್ನೆರಡೂ ಕಾಲು.

"ಅನ್ನೋಕೆ ಬಿಡಲ್ಲ," ಎಂದಳು. ಅವಳು ಯಾರಿಗೂ ಮಾತು ಕೊಡುವವಳಲ್ಲ. ಕೊಟ್ಟಮೇಲೆ ಅದು ತನಗೇ ಆಶ್ಚರ್ಯವಾಯಿತು.

ಮೈದುನ ದೋಣಿಯಲ್ಲೇ ಉಳಿದಿದ್ದ. ಗಡಿಯಾರದಣ್ಣನ ಹೆಂಡತಿ ಆ ಕಡೆ ತಿರುಗಿದಾಗ ಅವನು ಬಗ್ಗಿ ಎಂಜಿನ್ನಿನ ಮುಚ್ಚಳ ಒರೆಸತೊಡಗಿದ. ಹೆಣ ಮೇಲೆ ತಂದವನೂ ಅವನೇ. ಮುಖ ತೋರಿಸಲು ಸಂಕಟವಾಗಿರಬೇಕು ಎಂದುಕೊಂಡಳು.

---

ಸೇತುವೆ ಕಂಪನಿಯ ಕಚೇರಿಯೆಂದರೆ ದಡದ ಮೇಲಿಟ್ಟ ಒಂದು ಉದ್ದನೆಯ ತಗಡಿನ ಡಬ್ಬ. ಒಳಗೆ ಹೋದರೆ ಹಲ್ಲು ಕಟಕಟಿಸುವಷ್ಟು ತಂಪು. ಗೋಡೆಯ ತುಂಬ ಫಲಕಗಳು. ಸುರಕ್ಷತೆಯೇ ಉಸಿರು. ಸುರಕ್ಷತೆಯೇ ಸಂಸ್ಕೃತಿ. ಮೂಲೆಯಲ್ಲಿ ಹತ್ತು ಲೈಫ್ ಜಾಕೆಟ್ಟು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಪೇರಿಸಿಟ್ಟದ್ದು.

ಮೇಜಿನ ಹಿಂದೆ ಸುರಕ್ಷತಾ ಅಧಿಕಾರಿ. ಅವನ ಹೆಲ್ಮೆಟ್ಟು ಹಾಲಿನಷ್ಟು ಬಿಳುಪು. ಅದು ಬಿಸಿಲಿಗೆ ಹೋದದ್ದು ಅಂಗಡಿಯಿಂದ ಇಲ್ಲಿಗೆ ಬಂದ ದಿನ ಮಾತ್ರ. ಕೆಲಸಗಾರರು ಅವನನ್ನು ಬಿಳಿ ಹೆಲ್ಮೆಟ್ ಎಂದು ಕರೆಯುತ್ತಿದ್ದುದರಲ್ಲಿ ಗೌರವ ಎಳ್ಳಷ್ಟೂ ಇರಲಿಲ್ಲ.

"ಬನ್ನಿ ಮೇಡಂ, ಬನ್ನಿ. ಕಾಫಿ?"

"ಬೇಡ. ಮಂಗಳವಾರ ಸಂಜೆ ಕೆಂಪು ಹಾಕಿದ್ದಕ್ಕೆ ಸಾಕ್ಷಿ ಇದೆ ಅಂದಿದ್ರಿ."

"ಫೋಟೋನೇ ಇದೆ." ಅವನು ಕಾಗದವೊಂದನ್ನು ಎರಡೂ ಕೈಯಿಂದ, ಮದುವೆ ಕರೆಯೋಲೆ ಕೊಡುವವನಂತೆ ಮುಂದಿಟ್ಟ. "ತಾರೀಖು, ಟೈಮು ಎರಡೂ ಅಚ್ಚಾಗಿದೆ. ಮಂಗಳವಾರ, ಐದೂವರೆ. ನೋಡಿ. ಕೆಂಪು ಪೀಪಾಯಿ, ಹಿಂದೆ ಎಂಟನೇ ಕಂಬ. ಸ್ಪಷ್ಟವಾಗಿದೆ."

"ತುಂಬಾ ಸ್ಪಷ್ಟವಾಗಿದೆ."

"ನಮಗೂ ಬೇಜಾರಿದೆ ಮೇಡಂ. ವಯಸ್ಸಾದ ಡ್ರೈವರು. ಕಣ್ಣು, ಕಿವಿ... ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು."

"ಆದ್ರೆ ಸತ್ತವರ ತಲೆ ಮೇಲೆ ಗೂಬೆ ಕೂರಿಸೋದು ಸುಲಭ. ಎದ್ದು ಬಂದು ಓಡಿಸಲ್ಲ."

ಅವನು ನಗಲು ನೋಡಿದ. ಅವಳು ಎದ್ದಳು. ಅವನ ಬೆನ್ನ ಹಿಂದಿನ ಬಿಳಿ ಹಲಗೆಯ ಹತ್ತಿರ ಹೋದಳು. ಅದರ ಮೇಲೆ ಆ ವಾರದ ಕೆಲಸಗಳನ್ನೆಲ್ಲ ದಿನದ ಪ್ರಕಾರ ಬರೆದಿತ್ತು.

"ಅಕ್ಷರ ಯಾರದ್ದು? ನಿಮ್ಮದಾ? ದುಂಡಗಿದೆ."

"ನನ್ನದೇ."

"ಇದನ್ನ ಸ್ವಲ್ಪ ಗಟ್ಟಿಯಾಗಿ ಓದಿ."

ಬಿಳಿ ಹೆಲ್ಮೆಟ್ಟಿನವನು ಕುರ್ಚಿ ತಿರುಗಿಸಿದ. "ಗುರುವಾರ. ಎಂಟನೇ ಕಂಬ, ಸೆಂಟ್ರಿಂಗ್ ಬಿಚ್ಚಿದ್ದು."

"ಅಂದರೆ ಗುರುವಾರದವರೆಗೆ ಎಂಟನೇ ಕಂಬದ ತಲೆ ಸುತ್ತ ಹಲಗೆ ಇತ್ತು."

"ಹೌದು."

"ಮಂಗಳವಾರದ ನಿಮ್ಮ ಫೋಟೋದಲ್ಲಿ ಹಲಗೆ ಎಲ್ಲಿ?"

ಅವನು ಫೋಟೋ ನೋಡಿದ. ಅದರಲ್ಲಿ ಎಂಟನೇ ಕಂಬ, ಆಗತಾನೇ ಕ್ಷೌರ ಮಾಡಿಸಿಕೊಂಡವನ ತಲೆಯಂತೆ, ನುಣ್ಣಗೆ ಬೋಳಾಗಿ ನಿಂತಿತ್ತು.

ಅವನು ಫೋಟೋವನ್ನು ಮಗುಚಿಟ್ಟ.

"ಫೋನಿನ ತಾರೀಖು ಹಿಂದಕ್ಕೆ ತಿರುಗಿಸಿದ್ರಿ," ಎಂದಳು. "ಕಂಬ ಹಿಂದಕ್ಕೆ ತಿರುಗಲ್ಲ ಅಂತ ಹೊಳೀಲಿಲ್ಲ. ಸುಳ್ಳು ಹೇಳೋಕೂ ಒಂದಿಷ್ಟು ಓದು ಬೇಕು ಸ್ವಾಮಿ." ಪ್ಲಾಸ್ಟಿಕ್ ಚೀಲವನ್ನು ಫೋಟೋದ ಮೇಲಿಟ್ಟಳು. "ಇದು ನಿಮ್ಮ ಕೆಂಪು. ಉಗುರಿಗೆ ಬಂತು. ಅಡಿಯಲ್ಲಿ ಗಡಿಯಾರದಣ್ಣನ ಲಾಂಚಿನ ಡೀಸೆಲ್ ಇದೆ, ಅದರಡಿ ಹಸಿರು. ಹಸಿರೇ ಇತ್ತು ಅಂತ ನಿಮ್ಮ ಮೇಸ್ತ್ರಿನೂ ಹೇಳಿದಾನೆ. ಮುಂದೆ ನಾನು ಹೇಳಲಾ, ನೀವೇ ಹೇಳ್ತೀರಾ?"

ಬಿಳಿ ಹೆಲ್ಮೆಟ್ಟಿನವನು ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಅದಿಲ್ಲದೆ ಅವನ ತಲೆ ಚಿಕ್ಕದಾಗಿ ಕಂಡಿತು.

"ಗುರುವಾರ ಬೆಳಿಗ್ಗೆ ಬಳಿಸಿದೆ," ಎಂದ.

"ಯಾರು ಹೇಳಿದ್ರು?"

"ಯಾರೂ ಇಲ್ಲ. ಭಯ ಆಯ್ತು."

"ಜೀವಕ್ಕಾ, ಕುರ್ಚಿಗಾ?"

ಅವಳು ಟಿಪ್ಪಣಿ ಪುಸ್ತಕ ಮುಚ್ಚಿದಳು. ನಾಲ್ಕು ಗಂಟೆ ಸಮಯ ಮಿಕ್ಕಿತ್ತು, ವರದಿ ಬರೆಯಲು ಒಂದು ಗಂಟೆ ಸಾಕು. ಹೇಡಿ, ಸೋಮಾರಿ, ಮೇಲೆ ಪೆದ್ದ. ಇಂಥವನನ್ನು ಹಿಡಿಯಲು ಮೂರು ದಿನ ಬೇಕಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಹಗ್ಗ ಹಾಕಿ ಕಂಡಿ ತೆರೆದಿಟ್ಟಿದ್ರಿ. ಮೂರನೇ ಕ್ಲಾಸಿನ ಮಗು ಕೂಡ..."

"ತೆರೆದಿಡಿ ಅಂದದ್ದು ನೀವು," ಎಂದ ಅವನು.

"ಏನು?"

"ಮಂಗಳವಾರ ಸಂಜೆ ಕೆಂಪು ಪೀಪಾಯಿ ದೋಣಿಗೆ ಏರಿಸಾಗಿತ್ತು ಮೇಡಂ. ಬಾವುಟದವನನ್ನ ಕಾವಲು ದೋಣಿಗೆ ಹಾಕಿದ್ದೆ. ಅಷ್ಟರಲ್ಲಿ ನಿಮ್ಮ ಕಚೇರಿ ಟಪಾಲಿನಲ್ಲಿ ಕಾಗದ ಬಂತು. ಆ ಪೀಪಾಯಿನ ಬೇರೆ ಕಂಡಿಗೆ ಕಳಿಸಿಬಿಟ್ಟೆ."

ಅವನು ಕೆಳಗಿನ ಡ್ರಾ ತೆರೆದ. ಕಾಗದವೊಂದನ್ನು ಬಿಚ್ಚಿ ಅವಳ ಕಡೆಗೆ ತಿರುಗಿಸಿಟ್ಟ. ಈ ಸಲ ಒಂದೇ ಕೈಯಲ್ಲಿ.

ಕಚೇರಿಯ ಅಚ್ಚು ತಲೆಬರಹ. ಟೈಪು ಮಾಡಿದ ನಾಲ್ಕು ಸಾಲು.

*ಏಳು ಮತ್ತು ಎಂಟನೇ ಕಂಬಗಳ ನಡುವಿನ ದಾರಿಯನ್ನು ಗುರುವಾರದವರೆಗೆ ಮುಚ್ಚತಕ್ಕದ್ದಲ್ಲ. ಬಾರ್ಜಿನ ಹಗ್ಗವು ನೀರಿನ ಮಟ್ಟದಿಂದ ಒಂದು ಮಾರು ಕೆಳಗಿದ್ದಲ್ಲಿ ಲಾಂಚುಗಳಿಗೆ ಅಡ್ಡಿಯಿಲ್ಲ. ಹಸಿರು ಗುರುತುಗಳು ಇದ್ದಂತೆಯೇ ಇರಲಿ.*

ಕೆಳಗೆ ಅವಳ ಸಹಿ.

ಯಾರೋ ನಕಲು ಮಾಡಿದ ಸಹಿಯಲ್ಲ. ಕೊನೆಯ ಅಕ್ಷರದ ಬಾಲವನ್ನು ಅವಳು ಎಳೆಯುವ ರೀತಿ, ಆ ಬಾಲದ ಕೊನೆಗೆ ಪೆನ್ನು ಒತ್ತಿ ಬೀಳುವ ಚುಕ್ಕೆ, ಎಲ್ಲ ಅವಳದೇ. ಬೆರಳಿನಿಂದ ಸವರಿದಳು. ಶಾಯಿಯೂ ಅವಳ ಪೆನ್ನಿನದೇ.

ಬಿಳಿ ಹೆಲ್ಮೆಟ್ಟಿನವನು ಅವಳ ಮುಖ ನೋಡುತ್ತಿದ್ದ. ಮೂರು ದಿನದಲ್ಲಿ ಮೊದಲ ಸಲ ಅವನ ಬೆನ್ನು ಕುರ್ಚಿಗೆ ಒರಗಿತು.

"ನಾನು ಯಾರಿಗೂ ತೋರಿಸಿಲ್ಲ. ನಿಮ್ಮ ಕಾಗದ ನಂಬಿಯೇ ಹಸಿರು ಬಿಟ್ಟದ್ದು. ಆಮೇಲೆ ಹೀಗಾಯ್ತು. ನಿಮ್ಮ ಹೆಸರು ಹೇಳಿದ್ರೆ ನೀವು ನನ್ನನ್ನ ಉಳಿಸ್ತೀರಾ? ಅದಕ್ಕೇ ಬಣ್ಣ ಬಳಿಸಿದೆ. ನಿಮ್ಮದೂ ಉಳೀತು, ನಂದೂ ಉಳೀತು." ಅವನು ಕಾಗದದ ಅಂಚು ಹಿಡಿದ. "ಹರಿದುಬಿಡಲಾ? ಐದು ಗಂಟೆಗೆ ಡ್ರೈವರಿನ ತಪ್ಪು ಅಂತ ಹೋಗಲಿ. ಅವರಿಗೆ ಇನ್ನು ಏನೂ ಆಗೋದಿಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಒಂದು ಕ್ಷಣ, ಒಂದೇ ಕ್ಷಣ, ಅವಳು ಅವನ ಬೆರಳುಗಳನ್ನೇ ನೋಡಿದಳು. ಹರಿಯಲಿ ಎಂದು ಒಳಗೆಲ್ಲೋ ಒಂದು ದನಿ ಎದ್ದದ್ದು ಸುಳ್ಳಲ್ಲ. ಇಪ್ಪತ್ತೆರಡು ವರ್ಷದ ಕೆಲಸ. ಅವಳು ಜರೆದವರೆಲ್ಲ ನಾಳೆ ಸಾಲಾಗಿ ನಿಂತು ನಗುತ್ತಾರೆ.

"ಕೈ ತೆಗೀರಿ," ಎಂದಳು.

"ಮೇಡಂ..."

"ನಿಮ್ಮ ಕೋಲೂ ಬೇಡ, ಹಾವೂ ಬೇಡ. ಒಂದು ಲಕೋಟೆ ಕೊಡಿ."

ಅವನು ಕೊಟ್ಟ. ಅವಳು ಕಾಗದವನ್ನು ಒಳಗಿಟ್ಟು, ಅಂಟಿಸಿ, ಮೇಲೆ ಹೊತ್ತು ಬರೆದು, ಅವನಿಂದಲೇ ಸಹಿ ಹಾಕಿಸಿಕೊಂಡಳು. ಲಕೋಟೆಯನ್ನು ಕೈಚೀಲದ ತಳಕ್ಕೆ ತಳ್ಳಿದಳು.

---

ಹೊರಗಿನ ಕಬ್ಬಿಣದ ಮೆಟ್ಟಿಲು ಕಾದಿತ್ತು. ಬೇಲಿಯ ಪಕ್ಕ ಸಿಮೆಂಟಿನ ಚೀಲಗಳ ನೆರಳಿನಲ್ಲಿ ನಿಂತು ಅವಳು ಸೋಮವಾರವನ್ನು ನೆನಪು ಮಾಡಿಕೊಂಡಳು.

ಸೋಮವಾರ ಅತ್ತೆಯ ಕಣ್ಣಿನ ಆಪರೇಷನ್. ಎರಡು ದಿನ ರಜೆ. ಹೆಡ್ ಕ್ಲರ್ಕು ಫೋನ್ ಮಾಡಿ ಗೋಗರೆದಿದ್ದ: ತುರ್ತು ಏನಾದ್ರೂ ಬಂದ್ರೆ ಏನು ಮಾಡಲಿ ಮೇಡಂ, ಖಾಲಿ ಹಾಳೆ ಎರಡಕ್ಕೆ ಸಹಿ ಹಾಕಿ ಕಳಿಸಿ, ಎಲ್ಲರೂ ಹಾಗೇ ಮಾಡೋದು. ಆಸ್ಪತ್ರೆಯ ಪಡಸಾಲೆಯಲ್ಲಿ, ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು, ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗುವ ಗಡಿಬಿಡಿಯಲ್ಲಿ, ಅವಳು ಚೀಲದಲ್ಲಿದ್ದ ಕಚೇರಿ ತಲೆಬರಹದ ಎರಡು ಹಾಳೆಗೆ ಸಹಿ ಎಳೆದಿದ್ದಳು. ಲಕೋಟೆಗೆ ಹಾಕಿ ಮೈದುನನ ಕೈಲಿ ಕಚೇರಿಗೆ ಕಳಿಸಿದ್ದಳು.

ಖಾಲಿ ಹಾಳೆಗೆ ಸಹಿ. ಇದೇ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ಅವಳು ಅವರನ್ನು ಏನೆಂದು ಕರೆಯುತ್ತಿದ್ದಳೋ ಅದೆಲ್ಲ ಈಗ ಒಂದೊಂದಾಗಿ ಅವಳ ನಾಲಿಗೆಯ ಮೇಲೆ ಬಂತು. ಯಾವುದನ್ನೂ ಉಗುಳಲು ಜಾಗವಿರಲಿಲ್ಲ.

ಹೆಡ್ ಕ್ಲರ್ಕು. ಆ ಎರೆಹುಳ. ಅವನ ಕೊರಳಪಟ್ಟಿ ಹಿಡಿದು ಕೇಳಬೇಕು, ಟೈಪು ಮಾಡಿಸಿದ್ದು ಯಾರೆಂದು.

ಅಲ್ಲಿಗೆ ಅವಳ ಯೋಚನೆ ತಟಕ್ಕನೆ ನಿಂತಿತು.

ಒಂದು *ಮಾರು* ಕೆಳಗೆ.

ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಕಚೇರಿಯಲ್ಲಿ ಎಲ್ಲರೂ ಬರೆಯುವುದು ಮೀಟರಿನಲ್ಲಿ. ಹೆಡ್ ಕ್ಲರ್ಕು ನೀರು ನೋಡಿರುವುದು ಲೋಟದಲ್ಲಿ ಮಾತ್ರ. ಅವನ ಬಾಯಲ್ಲಿ ಈ ಮಾತು ಬರಲು ಸಾಧ್ಯವಿಲ್ಲ. ಆಳವನ್ನು ಮಾರಿನಲ್ಲಿ ಅಳೆಯುವವರು ನೀರಿಗೆ ಇಳಿಯುವವರು.

ನೀರಿಗೆ ಇಳಿಯುವವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ. ಕ್ರೇನು ಭಾರ ಎತ್ತಿದ ಕೂಡಲೇ ಬಾರ್ಜು ವಾಲುತ್ತದೆ. ಒಂದು ಮಾರು ಕೆಳಗೆ ಸಡಿಲವಾಗಿ ಮಲಗಿದ್ದ ಹಗ್ಗ ಆಗ ಬಿಗಿದುಕೊಂಡು ಮೇಲೆ ಏಳುತ್ತದೆ.

ಗರ್ಡರ್ ಎತ್ತುವುದು ಬುಧವಾರ ಏಳೂ ನಲವತ್ತಕ್ಕೆ ಎಂದು ವಾರದ ಮೊದಲೇ ಆ ಬಿಳಿ ಹಲಗೆಯ ಮೇಲೆ ಬರೆದಿತ್ತು. ಅದೇ ಏಳೂ ನಲವತ್ತಕ್ಕೆ ಆ ಕಂಡಿಯಲ್ಲಿ ಯಾರು ಇರುತ್ತಾರೆ ಎಂದು ನದಿಯ ಎರಡೂ ದಡಕ್ಕೆ ಗೊತ್ತಿತ್ತು. ಅವನ ಹೆಸರೇ ಗಡಿಯಾರ.

ಮೂರು ದಿನ ಅವಳು ಮೂರ್ಖರನ್ನು ಹುಡುಕಿದ್ದಳು. ಮೂರ್ಖರು ಬೇಕಾದಷ್ಟು ಸಿಕ್ಕಿದರು, ಒಬ್ಬೊಬ್ಬರನ್ನೂ ಬೈದಳು, ಬೈದು ಖುಷಿಪಟ್ಟಳು. ಈ ಕಾಗದ ಬರೆದವನು ಮೂರ್ಖನಾಗಿರಲಿಲ್ಲ.

ಅವಳು ಕಟ್ಟೆಯ ಕಡೆಗೆ ನಡೆದಳು. ಬೆಂಚು ಖಾಲಿಯಾಗಿತ್ತು, ಗಡಿಯಾರದಣ್ಣನ ಹೆಂಡತಿ ಹೊರಟುಹೋಗಿದ್ದಳು. ಮರಳಿನ ದೋಣಿಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ಎರಡು ಲಾಂಚು ಒಟ್ಟಿಗೇ ಹಾರನ್ ಹೊಡೆಯುತ್ತಿದ್ದವು.

ಮೈದುನ ಕೈ ಚಾಚಿ ಅವಳನ್ನು ದೋಣಿಗೆ ಇಳಿಸಿಕೊಂಡ. ನೀರಿನ ಬಾಟಲಿ ಕೊಟ್ಟ.

"ಮೊದಲು ಕಚೇರಿಗೆ," ಎಂದಳು. "ಹೆಡ್ ಕ್ಲರ್ಕು ಊಟಕ್ಕೆ ಏಳೋ ಮೊದಲು."

"ಆಗಲಿ. ಮೊದಲು ನೀರು ಕುಡೀರಿ ಅತ್ತಿಗೆ, ಮುಖ ನೋಡಿದ್ರೆ ಬಿಳಿಚಿಕೊಂಡಿದೆ." ಅವನು ಬಗ್ಗಿ ಕಟ್ಟೆಯ ಕೊಂಡಿಯಿಂದ ಹಗ್ಗ ಬಿಚ್ಚಿದ, ಒಂದು ಕಾಲಿನಿಂದ ದೋಣಿಯನ್ನು ದೂರಕ್ಕೆ ನೂಕಿದ. ಬೆನ್ನು ಅವಳ ಕಡೆಗಿತ್ತು. "ಆ ಕಾಗದ ತೋರಿಸಿಬಿಟ್ನಾ ಅವನು?"

ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಅವಳ ಬೆರಳುಗಳು ನಿಂತವು.

ಕಾಗದವೊಂದಿದೆ ಎಂದು ಅರ್ಧ ಗಂಟೆಯ ಹಿಂದೆ ಅವಳಿಗೇ ಗೊತ್ತಿರಲಿಲ್ಲ.

"ಯಾವ ಕಾಗದ?" ಎಂದಳು.

ಮೈದುನ ತಿರುಗಲಿಲ್ಲ. ದಡಕ್ಕೂ ದೋಣಿಗೂ ನಡುವೆ ಆಗಲೇ ಹಾರಿ ದಾಟಲಾಗದಷ್ಟು ನೀರಿತ್ತು. ಅವನು ಎಂಜಿನ್ನಿನ ದಾರ ಎಳೆದ, ಮೂತಿಯನ್ನು ಕಚೇರಿಯ ದಡಕ್ಕಲ್ಲ, ಕ್ರೇನಿನ ಕಡೆಗೆ ತಿರುಗಿಸಿದ.